ವೀಸಾ ಬೇಡ ಅಂದರೂ ಅನುಮತಿ ಬೇಕು: ಹೊರದೇಶಕ್ಕೆ ಹೊರಡುವ ಮೊದಲು ಇಟಿಎ ಪಡೆಯುವ ದಾರಿ

ನಮ್ಮ ಅಕ್ಕನ ಕೈಯಲ್ಲಿ ಟಿಕೆಟ್ ಇತ್ತು, ಹೊಸ ಪಾಸ್‌ಪೋರ್ಟ್ ಇತ್ತು. ಐದು ವರ್ಷಕ್ಕೆಂದು ಸಿಕ್ಕಿದ್ದ ಪ್ರಯಾಣ ಅನುಮತಿಯಲ್ಲಿ ಇನ್ನೂ ಎರಡು ವರ್ಷ ಉಳಿದಿದೆ ಅಂತ ಅವಳು ನೆಮ್ಮದಿಯಾಗಿದ್ದಳು. ಚೆಕ್‌ಇನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದ ಹುಡುಗಿ ಪರದೆ ನೋಡಿ, "ಮೇಡಂ, ನಿಮಗೆ ಅನುಮತಿ ಇರೋದು ತೋರಿಸ್ತಾ ಇಲ್ಲ" ಅಂದಳು. ಪುಟಗಳು ತುಂಬಿದವೆಂದು ಅಕ್ಕ ನಡುವೆ ಪಾಸ್‌ಪೋರ್ಟ್ ಬದಲಾಯಿಸಿದ್ದಳು. ಅನುಮತಿ ಹಳೆಯ ಪಾಸ್‌ಪೋರ್ಟಿನ ಸಂಖ್ಯೆಗೇ ಅಂಟಿಕೊಂಡಿತ್ತು. ಅಲ್ಲೇ ನಿಂತು ಫೋನಿನಲ್ಲಿ ಹೊಸ ಅರ್ಜಿ ಹಾಕಿದಳು. ಒಪ್ಪಿಗೆ ಬಂದದ್ದು ರಾತ್ರಿ. ವಿಮಾನ ಮಧ್ಯಾಹ್ನವೇ ಹೋಗಿತ್ತು.

ಅವತ್ತಿನಿಂದ ಮನೆಯಲ್ಲಿ ಯಾರೇ ಹೊರದೇಶಕ್ಕೆ ಹೊರಟರೂ ಅವರ ಅರ್ಜಿಯನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಈ ಕೆಲಸ ಹತ್ತಿಪ್ಪತ್ತು ನಿಮಿಷದ್ದು. ಆದರೆ ಒಂದು ಮಾತನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಈ ಅನುಮತಿ ಸಿಗುವುದು ನಿಮ್ಮ ಹೆಸರಿಗಿಂತ ಹೆಚ್ಚಾಗಿ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಗೆ. ಮುಂದೆ ಹೇಳುವ ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೊಂದರಿಂದಲೇ ಹುಟ್ಟಿದವು.

ಇದು ಏನು, ಯಾಕೆ

ಕೆಲವು ದೇಶಗಳ ಪಾಸ್‌ಪೋರ್ಟ್ ಇರುವವರು ಇನ್ನು ಕೆಲವು ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು. ಹಾಗೆ ಬರುವವರನ್ನು ವಿಮಾನ ಹತ್ತುವ ಮೊದಲೇ ಒಮ್ಮೆ ಪರಿಶೀಲಿಸಲು ಮಾಡಿದ ವ್ಯವಸ್ಥೆ ಇದು. ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ, ಚಿಕ್ಕದಾಗಿ ಇಟಿಎ. ಆಸ್ಟ್ರೇಲಿಯಾ ಇದನ್ನು 1996ರಲ್ಲೇ ಶುರು ಮಾಡಿತು. ಅಮೆರಿಕದಲ್ಲಿ ಇದರ ಹೆಸರು ಎಸ್ಟಾ, 2009ರ ಜನವರಿಯಿಂದ ಕಡ್ಡಾಯ. ಕೆನಡಾ 2016ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ, ದಕ್ಷಿಣ ಕೊರಿಯಾ 2021ರಲ್ಲಿ ಜಾರಿಗೆ ತಂದವು. ಬ್ರಿಟನ್ 2023ರಲ್ಲಿ ಕತಾರ್ ಪ್ರಜೆಗಳಿಂದ ಆರಂಭಿಸಿ 2025ರ ಏಪ್ರಿಲ್ ಹೊತ್ತಿಗೆ ಯುರೋಪಿನವರನ್ನೂ ಸೇರಿಸಿಕೊಂಡಿತು. ಯುರೋಪಿನ 30 ದೇಶಗಳಿಗೆ ಒಟ್ಟಾಗಿ ಎಟಿಯಾಸ್ ಎಂಬ ಅನುಮತಿ ಬರಲಿದೆ. ಅದನ್ನು 2026ರ ಕೊನೆಯ ಮೂರು ತಿಂಗಳಲ್ಲಿ ಆರಂಭಿಸುವುದಾಗಿ ಐರೋಪ್ಯ ಒಕ್ಕೂಟ ಹೇಳಿದೆ.

ಕೌಂಟರಿನಲ್ಲಿ ನಡೆಯುವುದು ಇಷ್ಟು. ನಿಮ್ಮ ಪಾಸ್‌ಪೋರ್ಟಿನ ವಿವರ ವಿಮಾನ ಸಂಸ್ಥೆಯ ಕಂಪ್ಯೂಟರಿನಿಂದ ನೀವು ಹೋಗುವ ದೇಶದ ಸರ್ಕಾರಿ ವ್ಯವಸ್ಥೆಗೆ ಹೋಗುತ್ತದೆ. ಅಲ್ಲಿಂದ ಹತ್ತಿಸಿಕೊಳ್ಳಿ ಅಥವಾ ಬೇಡ ಎಂಬ ಉತ್ತರ ಬರುತ್ತದೆ. ಅನುಮತಿ ಇಲ್ಲದವರನ್ನು ಕರೆದೊಯ್ದರೆ ಸಂಸ್ಥೆಗೆ ದಂಡ ಬೀಳಬಹುದು. ವಾಪಸ್ ಕರೆತರುವ ಹೊಣೆಯೂ ಅದರದ್ದೇ ಆಗುತ್ತದೆ. ಹಾಗಾಗಿ ಕೌಂಟರಿನಲ್ಲಿ ಎಷ್ಟು ಬೇಡಿಕೊಂಡರೂ ಅಲ್ಲಿರುವವರಿಗೆ ಏನೂ ಮಾಡಲು ಆಗುವುದಿಲ್ಲ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ನಿಮಗೆ ಬೇಕಾ, ಬೇಡ್ವಾ

ಇದು ನೀವು ಎಲ್ಲಿ ವಾಸವಿದ್ದೀರಿ ಎಂಬುದರಿಂದ ಅಲ್ಲ, ಯಾವ ಪಾಸ್‌ಪೋರ್ಟಿನ ಮೇಲೆ ಹೋಗುತ್ತೀರಿ ಎಂಬುದರಿಂದ ತೀರ್ಮಾನವಾಗುತ್ತದೆ. ಒಂದೇ ಮನೆಯಲ್ಲಿ ಗಂಡನದು ಒಂದು ದೇಶದ ಪಾಸ್‌ಪೋರ್ಟ್, ಹೆಂಡತಿಯದು ಇನ್ನೊಂದು ದೇಶದ್ದು ಇರುತ್ತದೆ. ಒಬ್ಬರಿಗೆ ಇಟಿಎ ಸಾಕು, ಇನ್ನೊಬ್ಬರಿಗೆ ಪೂರ್ತಿ ವೀಸಾನೇ ಬೇಕು. "ನಮ್ಮ ಪರಿಚಯದವರು ಹೋಗಿ ಬಂದರು, ಏನೂ ಕೇಳಲಿಲ್ಲ" ಎಂಬ ಮಾತನ್ನು ನಂಬಬೇಡಿ. ಹೋಗುವ ದೇಶದ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಪಾಸ್‌ಪೋರ್ಟಿನ ದೇಶವನ್ನು ಆರಿಸಿ ನೋಡಿ. ಅಲ್ಲಿ ಬಂದ ಉತ್ತರವೇ ಕೊನೆಯದು.

ಎರಡು ದೇಶಗಳ ಪೌರತ್ವ ಇರುವವರು ಇಲ್ಲಿ ಎಡವುವುದು ಜಾಸ್ತಿ. ಹೋಗುವ ದೇಶದ್ದೇ ಪೌರತ್ವ ನಿಮಗಿದ್ದರೆ ಇಟಿಎ ನಿಮಗೆ ಅಲ್ಲವೇ ಅಲ್ಲ. ಅಮೆರಿಕದ ಪ್ರಜೆ ಅಮೆರಿಕಕ್ಕೆ ಎಸ್ಟಾ ಹಾಕುವಂತಿಲ್ಲ, ಆ ದೇಶದ ಪಾಸ್‌ಪೋರ್ಟೇ ಬೇಕು. ಕೆನಡಾ, ಆಸ್ಟ್ರೇಲಿಯಾಗಳದೂ ಸರಿಸುಮಾರು ಇದೇ ರೀತಿ. ಬ್ರಿಟನ್ 2026ರ ಫೆಬ್ರುವರಿ 25ರಿಂದ ಇಟಿಎ ನಿಯಮವನ್ನು ಬಿಗಿ ಮಾಡಿದೆ. ಹಾಗಾಗಿ ಬ್ರಿಟಿಷ್ ಪೌರತ್ವವೂ ಇರುವವರು ಬೇರೆ ಪಾಸ್‌ಪೋರ್ಟ್ ಹಿಡಿದು ಹೊರಟರೆ ವಿಮಾನ ನಿಲ್ದಾಣದಲ್ಲೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಇನ್ನೊಂದು ಗಮನಿಸಬೇಕಾದದ್ದು ನಡುವೆ ಇಳಿದು ವಿಮಾನ ಬದಲಾಯಿಸುವ ದೇಶ. "ನಾವು ಅಲ್ಲಿ ಎರಡು ಗಂಟೆ ಕೂತು ಮುಂದಕ್ಕೆ ಹೋಗ್ತೀವಿ ಅಷ್ಟೇ" ಅಂತ ಇದನ್ನು ಬಿಟ್ಟುಬಿಡುತ್ತಾರೆ. ಅಮೆರಿಕದಲ್ಲಿ ವಿಮಾನ ಬದಲಾಯಿಸಿದರೂ ಇಮಿಗ್ರೇಶನ್ ದಾಟಲೇಬೇಕು, ಆದ್ದರಿಂದ ಎಸ್ಟಾ ಬೇಕು. ಕೆನಡಾದಲ್ಲಿ ವಿಮಾನದಿಂದ ವಿಮಾನಕ್ಕೆ ಬದಲಾಯಿಸುವವರಿಗೂ ಇಟಿಎ ಬೇಕು. ಬ್ರಿಟನ್ನಿನ ಹೀಥ್ರೂ, ಮ್ಯಾಂಚೆಸ್ಟರ್ ನಿಲ್ದಾಣಗಳಲ್ಲಿ ಗಡಿ ತಪಾಸಣೆ ದಾಟದೆ ಒಳಗಿಂದೊಳಗೇ ಬದಲಾಯಿಸಿದರೆ ಬೇಕಿಲ್ಲ. ಆದರೆ ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡಿದ್ದು, ಲಗೇಜು ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾದರೆ ನೀವು ಗಡಿ ದಾಟಿದ ಹಾಗೆಯೇ. ಆಗ ಇಟಿಎ ಬೇಕೇ ಬೇಕು. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು.

ನೆಲದ ದಾರಿಗೆ ನಿಯಮ ಬೇರೆ ಇರಬಹುದು. ಕೆನಡಾದ ಇಟಿಎ ವಿಮಾನದಲ್ಲಿ ಬರುವವರಿಗೆ ಮಾತ್ರ. ಅಮೆರಿಕದ ಎಸ್ಟಾ 2022ರ ಅಕ್ಟೋಬರ್‌ನಿಂದ ರಸ್ತೆಯಲ್ಲಿ ಗಡಿ ದಾಟುವವರಿಗೂ ಬೇಕು.

ಇಟಿಎ ಮತ್ತು ಆಗಮನ ಕಾರ್ಡ್ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ದೇಶಗಳು ಕೇಳುವುದು ಡಿಜಿಟಲ್ ಆಗಮನ ಕಾರ್ಡ್, ಅಂದರೆ ಬರುವವರು ತಮ್ಮ ವಿವರವನ್ನು ಆನ್‌ಲೈನ್‌ನಲ್ಲಿ ತುಂಬಿಕೊಡುವ ಫಾರಂ. ತಲುಪುವ ಮೂರು ದಿನ ಮೊದಲಿನಿಂದ ತುಂಬಬಹುದು, ಶುಲ್ಕ ಇಲ್ಲ, ಪ್ರತಿ ಸಲವೂ ಹೊಸದಾಗಿ ತುಂಬಬೇಕು. ನ್ಯೂಜಿಲೆಂಡ್‌ಗೆ ಹೋಗುವವರು ಇಟಿಎ ಪಡೆದ ಮೇಲೆ ಪ್ರಯಾಣಿಕರ ಘೋಷಣೆಯನ್ನೂ ಬೇರೆಯಾಗಿ ತುಂಬಬೇಕು. ಒಂದು ಮುಗಿಸಿ ಎರಡೂ ಮುಗಿಯಿತು ಅಂದುಕೊಂಡವರನ್ನು ನಾನು ನೋಡಿದ್ದೇನೆ.

ಎರಡನೆಯ ಹೆಜ್ಜೆ: ಪಾಸ್‌ಪೋರ್ಟ್ ಸರಿ ಮಾಡಿಕೊಳ್ಳಿ

ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದ್ದರೆ, ಪುಟಗಳು ತುಂಬಿದ್ದರೆ, ಮದುವೆಯಾಗಿ ಹೆಸರು ಬದಲಾಗುವುದಿದ್ದರೆ, ಮೊದಲು ಹೊಸ ಪಾಸ್‌ಪೋರ್ಟ್ ಮಾಡಿಸಿ. ಆಮೇಲೆ ಇಟಿಎ. ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್ ಅನುಮತಿ ಎರಡು ವರ್ಷದ್ದು, ಕೊರಿಯಾದ್ದು ಮೂರು ವರ್ಷದ್ದು, ಕೆನಡಾದ್ದು ಐದು ವರ್ಷದ್ದು, ಆಸ್ಟ್ರೇಲಿಯಾದ್ದು ಹನ್ನೆರಡು ತಿಂಗಳದ್ದು. ಆದರೆ ಇದು ಗರಿಷ್ಠ ಲೆಕ್ಕ. ಪಾಸ್‌ಪೋರ್ಟ್ ಮುಗಿದ ದಿನವೇ ಅನುಮತಿಯೂ ಮುಗಿಯುತ್ತದೆ. ಉಳಿದ ಅವಧಿಯನ್ನು ಹೊಸ ಪಾಸ್‌ಪೋರ್ಟಿಗೆ ವರ್ಗಾಯಿಸಲು ಬರುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಶುಲ್ಕ.

ಚಿಪ್ ಇರುವ ಇ-ಪಾಸ್‌ಪೋರ್ಟ್ ಬೇಕಾ ಅಂತಲೂ ನೋಡಿ. ಎಸ್ಟಾಗೆ ಅದು ಕಡ್ಡಾಯ. ಮುಖಪುಟದ ಮೇಲೆ ಆಯತದ ನಡುವೆ ಒಂದು ದುಂಡು ಇರುವ ಚಿಕ್ಕ ಚಿಹ್ನೆ ಇದ್ದರೆ ನಿಮ್ಮದು ಇ-ಪಾಸ್‌ಪೋರ್ಟ್.

ಮೂರನೆಯ ಹೆಜ್ಜೆ: ಸರಿಯಾದ ಬಾಗಿಲು ಹುಡುಕಿ

ಇಲ್ಲಿ ನಿಧಾನವಾಗಿ ಹೋಗಿ. ದೇಶದ ಹೆಸರಿನ ಜೊತೆ ಇಟಿಎ ಅಂತ ಹುಡುಕಿದರೆ ಮೇಲೆ ಬರುವ ಒಂದೆರಡು ಫಲಿತಾಂಶ ಎಷ್ಟೋ ಸಲ ಜಾಹೀರಾತು. ನೋಡಲು ಸರ್ಕಾರಿ ತಾಣದ ಹಾಗೇ ಇರುತ್ತವೆ, ಬಾವುಟ, ಲಾಂಛನ ಎಲ್ಲ ಇರುತ್ತದೆ. ಒಳಗೆ ನಿಜವಾದ ಶುಲ್ಕದ ಹಲವು ಪಟ್ಟು ಕೇಳುತ್ತಾರೆ. ಕೆಲವರು ಅರ್ಜಿ ಹಾಕಿಕೊಡುತ್ತಾರೆ, ಕೆಲವರು ಹಣ ತೆಗೆದುಕೊಂಡು ಸುಮ್ನಾಗುತ್ತಾರೆ. ಹಣ ಹೋಗುವುದು ಒಂದು ನಷ್ಟ. ಪಾಸ್‌ಪೋರ್ಟಿನ ಫೋಟೊ, ಹುಟ್ಟಿದ ದಿನಾಂಕ, ವಿಳಾಸ, ಕಾರ್ಡಿನ ಸಂಖ್ಯೆ ಗೊತ್ತಿಲ್ಲದವರ ಕೈ ಸೇರುವುದು ಅದಕ್ಕಿಂತ ದೊಡ್ಡ ನಷ್ಟ.

ವಿಳಾಸದ ಬಾಲ ನೋಡಿ ಗುರುತಿಸಿ. ಅಮೆರಿಕದ ಸರ್ಕಾರಿ ತಾಣ ಡಾಟ್ ಗವ್ ಎಂದು ಮುಗಿಯುತ್ತದೆ. ಬ್ರಿಟನ್ನಿನದು ಗವ್ ಡಾಟ್ ಯುಕೆ. ನ್ಯೂಜಿಲೆಂಡಿನದು ಗವ್ಟ್ ಡಾಟ್ ಎನ್‌ಜೆಡ್, ಇಲ್ಲಿ ಗವ್ ಬದಲು ಜಿ, ಓ, ವಿ, ಟಿ ಎಂಬ ನಾಲ್ಕು ಅಕ್ಷರ. ಕೊರಿಯಾದ್ದು ಜಿಓ ಡಾಟ್ ಕೆಆರ್. ಕೆನಡಾದ್ದು ಕೆನಡಾ ಡಾಟ್ ಸಿಎ. ಯುರೋಪಿನದು ಯುರೋಪಾ ಡಾಟ್ ಇಯು. ವಿಳಾಸದ ನಡುವೆ ಎಲ್ಲೋ ಗವ್ ಎಂದಿದ್ದರೆ ಸಾಲದು, ತಾಣದ ಹೆಸರಿನ ಕೊನೆಯಲ್ಲಿ, ಅದರ ನಂತರದ ಓರೆಗೆರೆ (/) ಬರುವ ಮೊದಲು ಇರಬೇಕು. ಎಟಿಯಾಸ್ ಹೆಸರಿನಲ್ಲಿ ಅದು ಆರಂಭವಾಗುವ ಮೊದಲೇ ಹಣ ಕೇಳುವ ತಾಣಗಳಿವೆ. ಅಂಥವುಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಶುಲ್ಕ ಎಷ್ಟೆಂದು ಸರ್ಕಾರಿ ಪುಟದಲ್ಲೇ ಅರ್ಜಿ ಹಾಕುವ ದಿನ ನೋಡಿ. ಇವು ಏರುತ್ತಲೇ ಇರುತ್ತವೆ. ಎಸ್ಟಾ 2025ರ ಸೆಪ್ಟೆಂಬರ್ 30ರಂದು 21 ಡಾಲರ್‌ನಿಂದ 40ಕ್ಕೆ ಹೋಯಿತು. ಬ್ರಿಟನ್ನಿನದು ಅದೇ ವರ್ಷದ ಏಪ್ರಿಲ್‌ನಲ್ಲಿ 10 ಪೌಂಡ್‌ನಿಂದ 16 ಆಯಿತು. ಕೆನಡಾದ್ದು 7 ಕೆನಡಿಯನ್ ಡಾಲರ್. ಆಸ್ಟ್ರೇಲಿಯಾ ತನ್ನ ಆ್ಯಪ್ ಮೂಲಕ 20 ಆಸ್ಟ್ರೇಲಿಯನ್ ಡಾಲರ್ ಸೇವಾ ಶುಲ್ಕ ತೆಗೆದುಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಅರ್ಜಿ ತುಂಬುವುದು

ಪಾಸ್‌ಪೋರ್ಟ್, ಬ್ಯಾಂಕ್ ಕಾರ್ಡ್, ನೀವು ದಿನಾ ನೋಡುವ ಇಮೇಲ್, ಉಳಿದುಕೊಳ್ಳುವ ಜಾಗದ ವಿಳಾಸ. ಇಷ್ಟನ್ನು ಮುಂದಿಟ್ಟುಕೊಂಡು ಕೂರಿ. ಪಾಸ್‌ಪೋರ್ಟಿನ ಹಳೆಯ ಜೆರಾಕ್ಸ್ ಅಥವಾ ನೆನಪನ್ನು ನಂಬಬೇಡಿ, ಪುಸ್ತಕವೇ ಕೈಯಲ್ಲಿರಲಿ.

ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಕೆಳಗೆ ಎರಡು ಸಾಲು ಕಾಣುತ್ತವೆ ಅಲ್ವಾ? ಅಕ್ಷರ, ಅಂಕಿ, ನಡುನಡುವೆ < ಈ ಥರದ ಗುರುತುಗಳು. ಒಂದೊಂದು ಸಾಲಿನಲ್ಲಿ 44 ಜಾಗ. ಯಂತ್ರ ಓದುವುದು ಇದನ್ನೇ. ಕೌಂಟರಿನಲ್ಲಿ ಸ್ಕ್ಯಾನ್ ಆಗುವುದೂ ಇದೇ. ಆದ್ದರಿಂದ ಅರ್ಜಿಯನ್ನು ಈ ಎರಡು ಸಾಲಿಗೆ ಹೋಲಿಸಿ ನೋಡಿ.

ಮೊದಲ ಸಾಲಿನಲ್ಲಿ ಪಾಸ್‌ಪೋರ್ಟ್ ಕೊಟ್ಟ ದೇಶದ ಮೂರಕ್ಷರದ ಕೋಡ್ ಆದ ಮೇಲೆ ಮನೆತನದ ಹೆಸರು ಬರುತ್ತದೆ. ಅದರ ನಂತರ ಜೋಡಿ << ಗುರುತು, ಆಮೇಲೆ ನಿಮ್ಮ ಹೆಸರು. ಯಾವುದು ಸರ್‌ನೇಮ್, ಯಾವುದು ಗಿವನ್ ನೇಮ್ ಎಂಬ ಗೊಂದಲ ಇದ್ದರೆ ಆ ಜೋಡಿ ಗುರುತೇ ಉತ್ತರ. ಮನೆಯಲ್ಲಿ ನಿಮ್ಮನ್ನು ಹೇಗೆ ಕರೆಯುತ್ತಾರೆ, ಬ್ಯಾಂಕಿನಲ್ಲಿ ಹೇಗೆ ಬರೆದಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಜಾಗ ಖಾಲಿ ಇದ್ದರೆ, ಆ ಅರ್ಜಿಯ ಸಹಾಯ ಪುಟದಲ್ಲಿ ಏನು ಬರೆಯಲು ಹೇಳಿದ್ದಾರೋ ಅದನ್ನೇ ಮಾಡಿ. ದೇಶದಿಂದ ದೇಶಕ್ಕೆ ಇದು ಬೇರೆ. ಟಿಕೆಟ್ಟಿನ ಹೆಸರೂ ಇದಕ್ಕೆ ಹೊಂದಬೇಕು.

ಎರಡನೆಯ ಸಾಲಿನ ಮೊದಲ ಒಂಬತ್ತು ಜಾಗ ಪಾಸ್‌ಪೋರ್ಟ್ ಸಂಖ್ಯೆಯದ್ದು. ಸಂಖ್ಯೆ ಎಂಟೇ ಅಕ್ಷರದ್ದಾದರೆ ಒಂಬತ್ತನೆಯ ಜಾಗದಲ್ಲಿ < ಇರುತ್ತದೆ. ಹತ್ತನೆಯ ಜಾಗದಲ್ಲಿರುವ ಅಂಕಿ ನಿಮ್ಮ ಸಂಖ್ಯೆಯ ಭಾಗ ಅಲ್ಲ. ಅದು ಯಂತ್ರ ಲೆಕ್ಕ ಸರಿಯಾಗಿದೆಯಾ ಅಂತ ನೋಡಿಕೊಳ್ಳಲು ಇಟ್ಟ ತಾಳೆ ಅಂಕಿ. ಕೆಳಗಿನ ಸಾಲನ್ನು ನೋಡಿಕೊಂಡು ಟೈಪ್ ಮಾಡುವವರು ಅದನ್ನೂ ಸೇರಿಸಿಬಿಡುತ್ತಾರೆ. ಹಾಗಾಗಿ ಸಂಖ್ಯೆಯನ್ನು ಪುಟದ ಮೇಲ್ಭಾಗದಿಂದ ತೆಗೆದುಕೊಳ್ಳಿ, ಕೆಳಗಿನ ಸಾಲಿನಲ್ಲಿ ತಾಳೆ ನೋಡಿ.

ಓ ಅಕ್ಷರ ಮತ್ತು ಸೊನ್ನೆ, ಐ ಅಕ್ಷರ ಮತ್ತು 1, ಬಿ ಮತ್ತು 8. ಈ ಮೂರು ಜೋಡಿಗಳು ಬಹಳ ಜನರ ಪ್ರಯಾಣ ಕೆಡಿಸಿವೆ. ನಿಮ್ಮ ದೇಶದ ಪಾಸ್‌ಪೋರ್ಟ್ ಸಂಖ್ಯೆ ಯಾವ ರೀತಿ ಇರುತ್ತದೆ ಎಂದು ತಿಳಿದಿದ್ದರೆ ಸುಲಭ. ಜರ್ಮನಿಯ ಪಾಸ್‌ಪೋರ್ಟಿನಲ್ಲಿ ಓ ಅಕ್ಷರವನ್ನೇ ಬಳಸುವುದಿಲ್ಲ, ಅಲ್ಲಿ ದುಂಡಗೆ ಕಂಡದ್ದೆಲ್ಲ ಸೊನ್ನೆ. ಬರೆದು ಮುಗಿದ ಮೇಲೆ ಮನೆಯವರೊಬ್ಬರನ್ನು ಕರೆದು, ಅವರು ಪಾಸ್‌ಪೋರ್ಟ್ ನೋಡಿ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಲಿ, ನೀವು ಪರದೆ ನೋಡಿ. ಒಬ್ಬರೇ ಎರಡು ಸಲ ನೋಡುವುದಕ್ಕಿಂತ ಇದು ಒಳ್ಳೆಯದು. ನಾನು ಯಾವತ್ತೂ ಇದನ್ನು ಬಿಡುವುದಿಲ್ಲ.

ಆ್ಯಪ್ ಮೂಲಕ ಮಾಡುವುದಾದರೆ ಫೋನ್ ಪಾಸ್‌ಪೋರ್ಟಿನ ಪುಟವನ್ನು ಫೋಟೊ ತೆಗೆಯುತ್ತದೆ, ಆಮೇಲೆ ಚಿಪ್ ಓದುತ್ತದೆ. ಫೋಟೊಗೆ ಪುಟದ ನಾಲ್ಕೂ ಮೂಲೆ ಕಾಣಬೇಕು, ಕೆಳಗಿನ ಎರಡು ಸಾಲಿನ ಮೇಲೆ ಹೆಬ್ಬೆರಳು ಬರಬಾರದು. ತಲೆಯ ಮೇಲಿನ ಲೈಟ್ ಪುಟದ ಮೇಲೆ ಬಿದ್ದು ಹೊಳೆದರೆ ಕಿಟಕಿಯ ಹತ್ತಿರ ಹೋಗಿ. ಚಿಪ್ ಓದುವಾಗ ಫೋನಿನ ಕವರ್ ತೆಗೆಯಿರಿ, ಪಾಸ್‌ಪೋರ್ಟಿನ ಹೊದಿಕೆಯನ್ನೂ ತೆಗೆಯಿರಿ. ಟೇಬಲ್ ಮೇಲೆ ಪಾಸ್‌ಪೋರ್ಟ್ ಇಟ್ಟು ಫೋನನ್ನು ಅದರ ಮೇಲೆ ಮಲಗಿಸಿ, ಅಲುಗಾಡಿಸದೆ ಕೆಲವು ಸೆಕೆಂಡ್ ಬಿಡಿ. ಓದದಿದ್ದರೆ ಸ್ವಲ್ಪ ಮೇಲೆ ಅಥವಾ ಕೆಳಗೆ ಸರಿಸಿ. ಚಿಪ್ ಇರುವ ಜಾಗ ಎಲ್ಲ ಪಾಸ್‌ಪೋರ್ಟಿನಲ್ಲೂ ಒಂದೇ ಅಲ್ಲ. ಕೆಲವದರಲ್ಲಿ ಹಿಂದಿನ ರಟ್ಟಿನಲ್ಲಿದ್ದರೆ, ಕೆಲವದರಲ್ಲಿ ಫೋಟೊ ಇರುವ ಪುಟದಲ್ಲೇ ಇರುತ್ತದೆ. ವಯಸ್ಸಾದವರಿಗೆ ಈ ಭಾಗ ತುಂಬಾ ಬೇಸರ ತರುತ್ತದೆ. ದಯವಿಟ್ಟು ಪಕ್ಕದಲ್ಲಿ ಕೂತು ಸಹಾಯ ಮಾಡಿ.

ಆಮೇಲೆ ಪ್ರಶ್ನೆಗಳು. ಅಪರಾಧಕ್ಕೆ ಶಿಕ್ಷೆಯಾಗಿತ್ತಾ, ಹಿಂದೆ ಯಾವಾಗಲಾದರೂ ವೀಸಾ ನಿರಾಕರಣೆ ಆಗಿತ್ತಾ, ಅವಧಿ ಮೀರಿ ಉಳಿದಿದ್ದಿರಾ, ಹೀಗೆ. ನಿಜವನ್ನೇ ಬರೆಯಿರಿ. ಹಳೆಯ ನಿರಾಕರಣೆ ಒಂದಿದ್ದರೆ ಬಾಗಿಲು ಮುಚ್ಚಿಯೇ ಹೋಯಿತು ಎಂದಲ್ಲ. ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಮುಂದಿನ ಅರ್ಜಿಗಳಿಗೂ ಅದು ಅಡ್ಡ ಬರುತ್ತದೆ. ಎಸ್ಟಾದಲ್ಲಿ ಇನ್ನೂ ಒಂದು ವಿಷಯ ಇದೆ. 2011ರ ಮಾರ್ಚ್ 1ರ ನಂತರ ಇರಾನ್, ಇರಾಕ್, ಸಿರಿಯಾ, ಸುಡಾನ್, ಉತ್ತರ ಕೊರಿಯಾ ಮುಂತಾದ ಕೆಲವು ದೇಶಗಳಿಗೆ ಹೋಗಿದ್ದವರು ಸಾಮಾನ್ಯವಾಗಿ ಅದನ್ನು ಬಳಸುವಂತಿಲ್ಲ, ವೀಸಾ ಕೇಳಬೇಕು. 2021ರ ಜನವರಿ 12ರ ನಂತರ ಕ್ಯೂಬಾಗೆ ಹೋಗಿ ಬಂದವರಿಗೂ ಹಾಗೇ. ರಜೆಯಲ್ಲಿ ಕ್ಯೂಬಾ ನೋಡಿ ಬಂದವರಿಗೆ ಇದು ಗೊತ್ತೇ ಇರುವುದಿಲ್ಲ.

ಮಕ್ಕಳಿಗೆ, ಎಳೆ ಕೂಸಿಗೂ, ಸಾಮಾನ್ಯವಾಗಿ ಬೇರೆ ಬೇರೆ ಅರ್ಜಿ. ಅಪ್ಪ ಅಮ್ಮನ ಅನುಮತಿಯಲ್ಲಿ ಮಗು ಸೇರುವುದಿಲ್ಲ. ಒಂದು ಕುಟುಂಬದ ನಾಲ್ಕು ಅರ್ಜಿ ತುಂಬುವಾಗ ಒಬ್ಬರ ಪಾಸ್‌ಪೋರ್ಟ್ ಮುಚ್ಚಿಟ್ಟ ಮೇಲೆಯೇ ಇನ್ನೊಬ್ಬರದನ್ನು ತೆರೆಯಿರಿ.

ಕೊನೆಗೆ ಹಣ. ಎಸ್ಟಾದಲ್ಲಿ ಅರ್ಜಿ ಉಳಿಸಿಟ್ಟು ಹಣವನ್ನು ಏಳು ದಿನದೊಳಗೆ ಕಟ್ಟಬಹುದು, ಆದರೆ ಕಟ್ಟುವ ತನಕ ಅರ್ಜಿ ಮುಂದೆ ಹೋಗುವುದಿಲ್ಲ. ಹಣ ಕಟ್ಟಿದ ಮೇಲೆ ಬರುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಪರದೆಯ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಯಾವಾಗ ಹಾಕಬೇಕು

ಹೆಚ್ಚಿನ ಅರ್ಜಿಗಳಿಗೆ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಆದರೆ ಅದನ್ನೇ ನಂಬಿ ಹಿಂದಿನ ರಾತ್ರಿ ಹಾಕಬೇಡಿ. ಅಮೆರಿಕ, ನ್ಯೂಜಿಲೆಂಡ್ 72 ಗಂಟೆ ಇಟ್ಟುಕೊಳ್ಳಿ ಎನ್ನುತ್ತವೆ. ಬ್ರಿಟನ್ ಮೂರು ಕೆಲಸದ ದಿನ ಎನ್ನುತ್ತದೆ. ಕೆನಡಾದಲ್ಲಿ ಹೆಚ್ಚಿನ ದಾಖಲೆ ಕೇಳಿದರೆ ಹಲವು ದಿನ ಹಿಡಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಟಿಕೆಟ್ ಕೊಳ್ಳುವ ಮೊದಲೇ ಹಾಕುವುದು ಒಳ್ಳೆಯದು. ಅನುಮತಿ ವರ್ಷಗಟ್ಟಲೆ ಇರುತ್ತದೆ, ಬೇಗ ಪಡೆದರೆ ನಷ್ಟವಿಲ್ಲ. ನಿರಾಕರಣೆ ಬಂದರೆ ವೀಸಾಕ್ಕೆ ಹೋಗಲು ಸಮಯ ಉಳಿಯುತ್ತದೆ, ಟಿಕೆಟ್ ಹಣವೂ ಉಳಿಯುತ್ತದೆ.

ಉತ್ತರ ಬಂದ ಮೇಲೆ

ಇಮೇಲ್ ಸ್ಪ್ಯಾಮ್ ಫೋಲ್ಡರಿಗೆ ಬೀಳಬಹುದು, ಅಲ್ಲೂ ನೋಡಿ. ಒಪ್ಪಿಗೆ ಪತ್ರದಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆಯನ್ನು ಅದೇ ದಿನ ಪುಸ್ತಕದ ಜೊತೆ ಹೋಲಿಸಿ. ತಪ್ಪಿದ್ದರೆ ಸಾಮಾನ್ಯವಾಗಿ ತಿದ್ದಿಸಲು ಆಗುವುದಿಲ್ಲ, ಹೊಸ ಅರ್ಜಿಯೇ ಹಾಕಬೇಕು. ಎಸ್ಟಾದಲ್ಲಿ ಇಮೇಲ್, ಉಳಿಯುವ ವಿಳಾಸದಂಥವನ್ನು ಆಮೇಲೆ ಬದಲಾಯಿಸಬಹುದು, ಪಾಸ್‌ಪೋರ್ಟ್ ಸಂಖ್ಯೆಯನ್ನಲ್ಲ.

ಅನುಮತಿಯ ಅವಧಿ ಬೇರೆ, ಅಲ್ಲಿ ಉಳಿಯಬಹುದಾದ ದಿನ ಬೇರೆ. ಎಸ್ಟಾ ಎರಡು ವರ್ಷದ್ದು ಅಂದರೆ ಎರಡು ವರ್ಷ ಇರಬಹುದು ಎಂದಲ್ಲ, ಒಂದು ಭೇಟಿಗೆ 90 ದಿನ. ನಡುವೆ ಕೆನಡಾ ಅಥವಾ ಮೆಕ್ಸಿಕೋಗೆ ಹೋಗಿ ಬಂದ ದಿನಗಳೂ ಸಾಮಾನ್ಯವಾಗಿ ಆ 90ರಲ್ಲೇ ಸೇರುತ್ತವೆ. ಬ್ರಿಟನ್ನಿನಲ್ಲಿ ಒಂದು ಸಲಕ್ಕೆ ಆರು ತಿಂಗಳ ತನಕ, ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳ ತನಕ. ಅಮೆರಿಕ, ಬ್ರಿಟನ್‌ಗಳಲ್ಲಿ ತಲುಪುವ ದಿನ ಅನುಮತಿ ಚಾಲ್ತಿಯಲ್ಲಿದ್ದರೆ ಸಾಕು, ಅಲ್ಲಿರುವಾಗ ಮುಗಿದರೆ ತೊಂದರೆಯಿಲ್ಲ. ಈ ಅನುಮತಿಯ ಮೇಲೆ ಅಲ್ಲಿ ಕೆಲಸಕ್ಕೆ ಸೇರುವಂತಿಲ್ಲ.

ಇಟಿಎ ಇದ್ದರೂ ಒಳಗೆ ಬಿಡುವ ತೀರ್ಮಾನ ಗಡಿಯಲ್ಲಿರುವ ಅಧಿಕಾರಿಯದ್ದು. ವಾಪಸ್ ಟಿಕೆಟ್, ಉಳಿಯುವ ವಿಳಾಸ, ಖರ್ಚಿಗೆ ಹಣ ಇರುವ ಪುರಾವೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಕೇಳಿದ್ದಕ್ಕೆ ಮಾತ್ರ ಚಿಕ್ಕದಾಗಿ, ನೇರವಾಗಿ ಉತ್ತರಿಸಿ.

ನಿರಾಕರಣೆ ಬಂದರೆ ಗಾಬರಿಯಾಗಿ ಅದೇ ಅರ್ಜಿಯನ್ನು ಮತ್ತೆ ಮತ್ತೆ ಹಾಕಬೇಡಿ. ಬರೆದದ್ದರಲ್ಲಿ ತಪ್ಪಿತ್ತಾ ನೋಡಿ. ಇಲ್ಲದಿದ್ದರೆ ಮುಂದಿನ ದಾರಿ ವೀಸಾ. ಇಟಿಎ ಸಿಗಲಿಲ್ಲ ಎಂದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ ಎಂದೇನಿಲ್ಲ, ಅಲ್ಲಿ ನಿಮ್ಮ ವಿಷಯವನ್ನು ದಾಖಲೆ ಸಮೇತ ವಿವರಿಸಲು ಅವಕಾಶ ಇರುತ್ತದೆ.

ಕೌಂಟರಿನಲ್ಲಿ ತಡೆದರೆ

ಮೊದಲು ಒಪ್ಪಿಗೆಯ ಇಮೇಲ್ ತೆರೆದು ಪಾಸ್‌ಪೋರ್ಟ್ ಸಂಖ್ಯೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ, ಸಿಬ್ಬಂದಿ ಕೈಯಿಂದ ಟೈಪ್ ಮಾಡಿದ್ದರೆ ಇನ್ನೊಮ್ಮೆ ಸ್ಕ್ಯಾನ್ ಮಾಡಲು ಮೆಲ್ಲಗೆ ಕೇಳಿ. ನಿಮ್ಮ ಬಳಿ ಎರಡು ಪಾಸ್‌ಪೋರ್ಟ್ ಇದ್ದರೆ ಯಾವುದನ್ನು ಕೊಟ್ಟಿರಿ ಎಂದು ನೋಡಿ. ಟಿಕೆಟ್ ಬುಕ್ ಮಾಡುವಾಗ ಹಳೆಯ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟಿದ್ದರೆ ಅದನ್ನು ಬದಲಾಯಿಸಲು ಹೇಳಿ. ಅನುಮತಿಯಲ್ಲೇ ಸಂಖ್ಯೆ ತಪ್ಪಿದ್ದರೆ ಸಾಲಿನಿಂದ ಪಕ್ಕಕ್ಕೆ ಬಂದು, ಕೂತು, ಸರ್ಕಾರಿ ತಾಣದಲ್ಲೇ ಹೊಸ ಅರ್ಜಿ ಹಾಕಿ. ಗಡಿಬಿಡಿಯಲ್ಲಿ ಹುಡುಕಿ ಮೇಲೆ ಕಂಡ ಜಾಹೀರಾತನ್ನು ಒತ್ತಬೇಡಿ. ಚೆಕ್‌ಇನ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿಟ್ಟುಕೊಳ್ಳಿ. ಅಷ್ಟರಲ್ಲಿ ಉತ್ತರ ಬರುವ ಹಾಗೆ ಕಾಣದಿದ್ದರೆ ಚೆಕ್‌ಇನ್ ಮುಚ್ಚುವ ಮೊದಲೇ ಟಿಕೆಟ್ಟನ್ನು ಮುಂದಿನ ದಿನಕ್ಕೆ ಬದಲಾಯಿಸಲು ಕೇಳಿ. ವಿಮಾನ ತಪ್ಪಿದ ಮೇಲೆ ಬದಲಾಯಿಸುವುದಕ್ಕಿಂತ ಮೊದಲೇ ಕೇಳಿದರೆ ಖರ್ಚು ಸಾಮಾನ್ಯವಾಗಿ ಕಡಿಮೆ. ನಮ್ಮ ಅಕ್ಕನಿಗೆ ಅವತ್ತು ಇದನ್ನು ಹೇಳುವವರು ಯಾರೂ ಇರಲಿಲ್ಲ, ಅವಳು ಪೂರ್ತಿ ಹೊಸ ಟಿಕೆಟ್ ಕೊಂಡಳು.